ಪಿಸ್ತೂಲು ಒದೆಯುವುದೆಷ್ಟು, ನಿಮ್ಮ ಕೈ ನೂಕುವುದೆಷ್ಟು?

ಐದು ಈಡು ಹೊಡೆದು, ಗುರಿಹಾಳೆಯ ಎಡ ಕೆಳಮೂಲೆಯಲ್ಲಿ ಬಿದ್ದ ತೂತುಗಳನ್ನು ನೋಡಿ, ‘ಈ ಪಿಸ್ತೂಲ್ ಜಾಸ್ತಿ ಕಿಕ್ ಕೊಡುತ್ತೆ ಸರ್, ಬೇರೇದು ಕೊಡಿ’ ಎನ್ನುವವರು ಬೆಂಗಳೂರಿನ ಯಾವ ಶೂಟಿಂಗ್ ರೇಂಜಿಗೆ ಹೋದರೂ ಸಿಗುತ್ತಾರೆ. ಅದೇ ಪಿಸ್ತೂಲನ್ನು ಪಕ್ಕದ ಲೇನಿನ ಹುಡುಗಿ ಎತ್ತಿಕೊಂಡು ಐದನ್ನೂ ಕಪ್ಪು ವೃತ್ತದೊಳಗೆ ಕೂರಿಸುತ್ತಾಳೆ. ಪಿಸ್ತೂಲು ಅದೇ, ತೋಟಾ ಅದೇ, ಒದೆತ ಮಾತ್ರ ಇಬ್ಬರಿಗೂ ಬೇರೆ.

ಒದೆತದಲ್ಲಿ ಒಂದು ಪಾಲು ಪಿಸ್ತೂಲಿನದು. ಅದನ್ನು ಲೆಕ್ಕ ಹಾಕಿಯೇ ಹೇಳಬಹುದು. ಇನ್ನೊಂದು ಪಾಲು ಹಿಡಿದ ಕೈಯದು, ಕಿವಿಯದು, ಹೆದರಿಕೆಯದು. ಎರಡನ್ನೂ ಬಿಡಿಸಿ ನೋಡದೆ ಪಿಸ್ತೂಲು ಬದಲಿಸಿದರೆ ದುಡ್ಡು ಹೋಗುತ್ತದೆ, ತಪ್ಪು ಉಳಿಯುತ್ತದೆ. ಬಿಡಿಸುವ ಕ್ರಮ ಇಲ್ಲಿದೆ. ಇದೆಲ್ಲವನ್ನೂ ರೇಂಜಿನಲ್ಲಿ, ಕೋಚ್ ಪಕ್ಕದಲ್ಲಿದ್ದಾಗ, ನಳಿಗೆಯ ಬಾಯಿ ಗುರಿಯ ಕಡೆಗೇ ಇರುವಂತೆ ಮಾಡಬೇಕು.

ಮೊದಲು ಲೆಕ್ಕ

ಗುಂಡಿನ ತೂಕವನ್ನು (ಗ್ರಾಂ) ಅದರ ವೇಗದಿಂದ (ಸೆಕೆಂಡಿಗೆ ಮೀಟರ್) ಗುಣಿಸಿ, ಪಿಸ್ತೂಲಿನ ತೂಕದಿಂದ (ಗ್ರಾಂ) ಭಾಗಿಸಿ. ಬರುವ ಅಂಕಿ ಪಿಸ್ತೂಲು ಹಿಂದಕ್ಕೆ ನುಗ್ಗುವ ವೇಗ. ಮದ್ದಿನ ಅನಿಲವೂ ಸ್ವಲ್ಪ ಸೇರಿಸುತ್ತದೆ, ಹೋಲಿಕೆಗೆ ಅದನ್ನು ಬಿಡಬಹುದು.

ರೇಂಜಿನವರು ‘ಟೂ-ಟೂ’ ಎನ್ನುವ .22 ಲಾಂಗ್ ರೈಫಲ್ ತೋಟಾದ ಗುಂಡು ಸುಮಾರು 2.6 ಗ್ರಾಂ, ವೇಗ ಸುಮಾರು 330 ಮೀಟರ್. 1,100 ಗ್ರಾಂ ತೂಗುವ ಸ್ಪೋರ್ಟ್ಸ್ ಪಿಸ್ತೂಲಿನಲ್ಲಿ ಲೆಕ್ಕ ಸೆಕೆಂಡಿಗೆ 0.78 ಮೀಟರಿಗೆ ನಿಲ್ಲುತ್ತದೆ. ಶಕ್ತಿಯಲ್ಲಿ ಹೇಳಿದರೆ ಜೂಲ್‌ನ ಮೂರರಲ್ಲೊಂದು ಪಾಲು. ಅಷ್ಟೇ ತೂಕದ ಸೆಂಟರ್‌ಫೈರ್ ಪಿಸ್ತೂಲಿಗೆ .32 ವಾಡ್‌ಕಟರ್ (ಚಪ್ಪಟೆ ಮೂತಿಯ ಗುಂಡಿನ ತೋಟಾ) ಹಾಕಿದರೆ ಗುಂಡು 6.4 ಗ್ರಾಂ, ವೇಗ ಸುಮಾರು 220 ಮೀಟರ್. ಒದೆತ 1.28 ಮೀಟರ್, 0.9 ಜೂಲ್. ಪೊಲೀಸರ ಬಳಿ ಇರುವ, ನಮ್ಮಲ್ಲಿ ಸಾರ್ವಜನಿಕರಿಗೆ ನಿಷಿದ್ಧವಾದ 9 ಎಂಎಂನಲ್ಲಿ 7.5 ಗ್ರಾಂ ಗುಂಡು 360 ಮೀಟರ್ ವೇಗದಲ್ಲಿ ಹೋಗುತ್ತದೆ. 800 ಗ್ರಾಂ ಪಿಸ್ತೂಲಾದರೆ ಶಕ್ತಿ ನಾಲ್ಕೂವರೆ ಜೂಲ್ ದಾಟುತ್ತದೆ. ಟೂ-ಟೂಗಿಂತ ಹದಿಮೂರು ಹದಿನಾಲ್ಕು ಪಟ್ಟು.

ಇಲ್ಲಿ ಜನ ಎಡವುವುದು ತೂಕದ ವಿಷಯದಲ್ಲಿ. ಹಗುರವಾದದ್ದು ಹೊಡೆಯಲು ಸುಲಭ ಎಂದೇ ಎಲ್ಲರ ನಂಬಿಕೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ 2014ರಲ್ಲಿ ಬಂದ .32ರ ‘ನಿರ್ಭೀಕ್’ ರಿವಾಲ್ವರ್ ಸುಮಾರು 500 ಗ್ರಾಂ. ಮಹಿಳೆಯರ ಕೈಚೀಲಕ್ಕೆ ಹಗುರ ಎಂದೇ ಪ್ರಚಾರವಾಯಿತು. ಹೊರುವಾಗ ಹಗುರ, ನಿಜ. ಆದರೆ ಮೇಲೆ ಹೇಳಿದ ಅದೇ 6.4 ಗ್ರಾಂ ಗುಂಡು ಅದೇ ವೇಗದಲ್ಲಿ 500 ಗ್ರಾಂ ರಿವಾಲ್ವರಿನಿಂದ ಹೊರಟರೆ ಒದೆತ ಸೆಕೆಂಡಿಗೆ 2.8 ಮೀಟರ್, ಸುಮಾರು 2 ಜೂಲ್. 1,100 ಗ್ರಾಂ ಪಿಸ್ತೂಲಿಗೆ ಹೋಲಿಸಿದರೆ ದುಪ್ಪಟ್ಟಿಗೂ ಮೇಲೆ. ಕೈ ಚಿಕ್ಕದು, ಮಣಿಕಟ್ಟು ಸಣ್ಣದು ಅನ್ನುವವರು ಮೊದಲು ಭಾರದ ಪಿಸ್ತೂಲಿನಲ್ಲೇ ಕಲಿಯಬೇಕು. ಇದರಲ್ಲಿ ರಾಜಿ ಬೇಡ.

ಲೆಕ್ಕ ಒಂದೇ ಬಂದರೂ ಎರಡು ಪಿಸ್ತೂಲು ಒಂದೇ ಥರ ಅನಿಸದಿರಬಹುದು. ರಿವಾಲ್ವರಿನ ಒದೆತ ಒಂದೇ ಏಟಿಗೆ ಅಂಗೈಗೆ ಬರುತ್ತದೆ. ಆಟೊಮ್ಯಾಟಿಕ್ಕಿನಲ್ಲಿ ಸ್ಲೈಡ್ (ಮೇಲಿನ ಜಾರುವ ಲೋಹದ ಭಾಗ) ಹಿಂದೆ ಸರಿದು, ಸ್ಪ್ರಿಂಗನ್ನು ಅದುಮಿ, ಮತ್ತೆ ಮುಂದೆ ಬರುವಷ್ಟರಲ್ಲಿ ಅದೇ ನೂಕು ಸ್ವಲ್ಪ ಹೊತ್ತಿಗೆ ಹರಡಿಕೊಳ್ಳುತ್ತದೆ. ನಳಿಗೆ ಕೈಯಿಂದ ಎಷ್ಟು ಎತ್ತರದಲ್ಲಿದೆ ಎನ್ನುವುದೂ ಮುಖ್ಯ. ಎತ್ತರ ಹೆಚ್ಚಾದಷ್ಟೂ ಮೂತಿ ಮೇಲಕ್ಕೆ ಹಾರುತ್ತದೆ.

ಕಿವಿ

ಎರಡು ಪದರ ರಕ್ಷಣೆ: ಒಳಗೆ ಫೋಮ್ ಪ್ಲಗ್, ಮೇಲೆ ಇಯರ್‌ಮಫ್. ಪಿಸ್ತೂಲಿನ ಸದ್ದು 140 ಡೆಸಿಬಲ್ ಮೀರುತ್ತದೆ, ತಗಡಿನ ಸೂರಿನಡಿ ಇನ್ನೂ ಬಡಿಯುತ್ತದೆ. ‘ಕಿಕ್ ಜಾಸ್ತಿ’ ಎನ್ನುವ ದೂರುಗಳಲ್ಲಿ ಒಂದಷ್ಟು ಕಿವಿ ಮುಚ್ಚಿದ ಕೂಡಲೇ ಮಾಯವಾಗುತ್ತವೆ. ಹತ್ತಿ ತುರುಕಿಕೊಳ್ಳುವುದು, ಹಾಡು ಕೇಳುವ ಇಯರ್‌ಫೋನ್ ಹಾಕಿಕೊಳ್ಳುವುದು ರಕ್ಷಣೆಯಲ್ಲ.

ಹಿಡಿತ

ಪಿಸ್ತೂಲು ಖಾಲಿ ಇದೆ ಎಂದು ಕೋಚ್ ನೋಡಿದ ಮೇಲೆ ಅಂಗೈಗೆ ಚೂರು ಟಾಲ್ಕಂ ಪೌಡರ್ ಸವರಿ, ಹಿಡಿಯನ್ನು ಮಾಮೂಲಿನಂತೆ ಹಿಡಿದು ಬಿಡಿ. ಹಿಡಿಯ ಮರದ ಮೇಲೆ ಬಿಳಿ ಗುರುತು ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ನೋಡಿ. ಗುರುತು ಇಲ್ಲದ ಕಡೆ ಅಂಗೈಗೂ ಹಿಡಿಗೂ ನಡುವೆ ಖಾಲಿ ಜಾಗವಿದೆ. ಈಡಾದಾಗ ಪಿಸ್ತೂಲು ಆ ಖಾಲಿಯೊಳಗೆ ಜಿಗಿದು ಬಂದು ಬಡಿಯುತ್ತದೆ. ಅದನ್ನೇ ಹೊಡೆಯುವವರು ‘ಚುರುಕ್ ಅಂತ ಏಟು’ ಎನ್ನುತ್ತಾರೆ. ಖಾಲಿಯನ್ನು ಎಪಾಕ್ಸಿ ಪುಟ್ಟಿಯಿಂದ ತುಂಬಿಸಿ, ಒಣಗಿದ ಮೇಲೆ ಮರಳುಕಾಗದದಿಂದ ತಿದ್ದಬಹುದು. ಆನ್‌ಲೈನಿನಲ್ಲಿ ಸಿಗುವ ರಬ್ಬರ್ ತೊಡುಗೆಯನ್ನು ಮಾತ್ರ ಸಿಕ್ಕಿಸಬೇಡಿ. ಬೆವರಿದ ಕೈಯಲ್ಲಿ ಅದು ಹಿಡಿಯ ಮೇಲೇ ತಿರುಗುತ್ತದೆ, ಮೊದಲೇ ಚಿಕ್ಕ ಕೈಯವರಿಗೆ ಹಿಡಿಯನ್ನು ಇನ್ನಷ್ಟು ದಪ್ಪ ಮಾಡುತ್ತದೆ. ಬೈಕಿನ ಗ್ಲೌಸೂ ಬೇಡ, ಟ್ರಿಗರ್ ಎಲ್ಲಿದೆ ಎಂಬುದೇ ಬೆರಳಿಗೆ ತಿಳಿಯುವುದಿಲ್ಲ.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ ಕೂರಲಿ, ಆದರೆ ಸ್ಲೈಡಿನ ದಾರಿಗೆ ಅಡ್ಡ ಬರಬಾರದು. ಹೆಬ್ಬೆರಳು ಸ್ಲೈಡಿನ ಹಿಂದೆ ಸಿಕ್ಕಿದರೆ ಚರ್ಮ ಕಿತ್ತು ಬರುತ್ತದೆ. ರಿವಾಲ್ವರಾದರೆ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಬಿಸಿ ಅನಿಲ ಚಿಮ್ಮುತ್ತದೆ, ಯಾವ ಬೆರಳೂ ಅದರ ಪಕ್ಕಕ್ಕೆ ಹೋಗಬಾರದು.

ಒಬ್ಬರಿಗೆ ನೋವು, ಇನ್ನೊಬ್ಬರಿಗೆ ಏನೂ ಇಲ್ಲ ಎನ್ನುವುದಕ್ಕೆ ದೊಡ್ಡ ಕಾರಣ ಟ್ರಿಗರಿನ ದೂರ. ಬೆರಳು ಗಿಡ್ಡವಾಗಿದ್ದರೆ ಟ್ರಿಗರ್ ಮುಟ್ಟಲು ಗೊತ್ತಿಲ್ಲದೆಯೇ ಇಡೀ ಕೈಯನ್ನು ಹಿಡಿಯ ಸುತ್ತ ಹೊರಳಿಸುತ್ತೇವೆ. ಆಗ ಹಿಡಿಯ ಬೆನ್ನು ಅಂಗೈಯ ಕವಲಿನಿಂದ ಜಾರಿ ಹೆಬ್ಬೆರಳಿನ ಬುಡದ ಗೆಣ್ಣಿನ ಮೇಲೆ ಬರುತ್ತದೆ. ಮುಂಗೈ ಉದ್ದಕ್ಕೂ ಹರಿದು ಹೋಗಬೇಕಾದ ನೂಕು ಆ ಒಂದು ಗೆಣ್ಣಿಗೇ ಇಳಿಯುತ್ತದೆ. ಮೇಲಿಂದ ನೋಡಿದರೆ ನಳಿಗೆಯೂ ಮುಂಗೈಯೂ ಒಂದೇ ಗೆರೆಯಲ್ಲಿರಬೇಕು. ಇಲ್ಲದಿದ್ದರೆ ಆ ಪಿಸ್ತೂಲು ನಿಮ್ಮ ಕೈಯ ಅಳತೆಯದಲ್ಲ. ಟ್ರಿಗರಿನ ನಾಲಗೆಯನ್ನು ಹಿಂದೆ ಸರಿಸುವ ಸೌಲಭ್ಯ ಸ್ಪೋರ್ಟ್ಸ್ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಮೊದಲು ಅದನ್ನು ಬಳಸಿ.

ಬಿಗಿ ಎಷ್ಟಿರಬೇಕು? ಮೂತಿ ನಡುಗಲು ಶುರುವಾಗುವವರೆಗೆ ನಿಧಾನವಾಗಿ ಬಿಗಿ ಮಾಡುತ್ತ ಹೋಗಿ, ನಡುಕ ನಿಲ್ಲುವಷ್ಟು ಸಡಿಲಿಸಿ. ಮಣಿಕಟ್ಟು ಮಾತ್ರ ಸಡಿಲವಾಗಬಾರದು. ಅದು ಬಾಗಿದರೆ ಆಟೊಮ್ಯಾಟಿಕ್ಕಿನ ಸ್ಲೈಡ್ ಪೂರ್ತಿ ಹಿಂದೆ ಸರಿಯದೆ ತೋಟಾ ಸಿಕ್ಕಿಕೊಳ್ಳುತ್ತದೆ, ಬೈಗುಳ ಪಿಸ್ತೂಲಿಗೆ ಬೀಳುತ್ತದೆ.

ನಿಮ್ಮ ಪಾಲನ್ನು ಹಿಡಿಯುವುದು

ಎಲ್ಲರೂ ಹಾರಿಸಿಬಿಡುವ ಹಂತ ಇದು. ಇಲ್ಲೇ ಹೆಚ್ಚು ಹೊತ್ತು ಕಳೆಯಬೇಕು.

ಗುಂಡು ನಳಿಗೆ ದಾಟಲು ಸೆಕೆಂಡಿನ ಸಾವಿರದ ಒಂದು ಪಾಲೂ ಬೇಕಾಗುವುದಿಲ್ಲ. ಅಷ್ಟರಲ್ಲಿ 1,100 ಗ್ರಾಂನ ಟೂ-ಟೂ ಪಿಸ್ತೂಲು ಹಿಂದೆ ಸರಿಯುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಮನುಷ್ಯ ಸದ್ದು ಕೇಳಿ ಕೈ ಅಲ್ಲಾಡಿಸಲು ಸೆಕೆಂಡಿನ ಐದರಲ್ಲೊಂದು ಪಾಲಿನಷ್ಟು ಹೊತ್ತು ಬೇಕು. ಅಂದರೆ ಒದೆತ ಅರಿವಿಗೆ ಬರುವ ಮೊದಲೇ ಗುಂಡು ಹೋಗಿಯಾಗಿರುತ್ತದೆ. ಹಾಗಿದ್ದೂ ಗುಂಡು ಕೆಳಗೆ ಬಿದ್ದರೆ, ಒದೆತ ಬರುತ್ತದೆಂದು ಎಣಿಸಿ ಕೈ ಮೊದಲೇ ಕೆಳಕ್ಕೆ ನೂಕಿದೆ ಎಂದರ್ಥ. ಬಲಗೈಯವರ ಗುಂಡು ಎಡ ಕೆಳಕ್ಕೆ, ಎಡಗೈಯವರದು ಬಲ ಕೆಳಕ್ಕೆ ಹೋಗುತ್ತದೆ.

ಪತ್ತೆ ಮಾಡಲು ಡಮ್ಮಿ ತೋಟಾ, ಅಂದರೆ ಮದ್ದಿಲ್ಲದ ತೋಟಾ ಬೇಕು. ಐದು ತೋಟಾದ ಮ್ಯಾಗಜೀನಿಗೆ ಮೂರು ಅಸಲಿ, ಎರಡು ಡಮ್ಮಿ. ತುಂಬುವವರು ಬೇರೆಯವರಾಗಿರಬೇಕು, ನಿಮ್ಮ ಬೆನ್ನ ಹಿಂದೆ ತುಂಬಬೇಕು, ಕ್ರಮವನ್ನು ಚೀಟಿಯಲ್ಲಿ ಬರೆದು ಅವರೇ ಇಟ್ಟುಕೊಳ್ಳಬೇಕು. ನೀವೇ ತುಂಬಿಕೊಂಡರೆ ಕೈ ನೆನಪಿಟ್ಟುಕೊಳ್ಳುತ್ತದೆ. ಚೀಟಿ ಇಲ್ಲದಿದ್ದರೆ ಇನ್ನೂ ಅಪಾಯ: ‘ಕ್ಲಿಕ್’ ಎಂದದ್ದು ಡಮ್ಮಿಯೋ ಹೊತ್ತಿಕೊಳ್ಳದ ಅಸಲಿಯೋ ತಿಳಿಯದು. ಚೀಟಿಯ ಪ್ರಕಾರ ಅಸಲಿ ಇರಬೇಕಾದ ಜಾಗದಲ್ಲಿ ಕ್ಲಿಕ್ ಬಂದರೆ, ಮೂತಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾದು, ಕೋಚ್ ಹೇಳಿದ ಮೇಲೆಯೇ ತೆಗೆಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು.

ಈಗ ಹೊಡೆಯಿರಿ. ನೋಡಬೇಕಾದದ್ದು ಗುರಿಯನ್ನಲ್ಲ, ಫ್ರಂಟ್ ಸೈಟನ್ನು (ನಳಿಗೆಯ ಮುಂತುದಿಯ ಗುರಿಕಡ್ಡಿಯನ್ನು). ಡಮ್ಮಿ ಕ್ಲಿಕ್ ಎಂದಾಗ ಸೈಟು ಇದ್ದಲ್ಲೇ ಇದ್ದರೆ ನಿಮ್ಮ ಪಾಲು ಸೊನ್ನೆ. ಮೂತಿ ಮುಗ್ಗರಿಸಿದಂತೆ ಕೆಳಗೆ ಕುಸಿದರೆ ಇಷ್ಟು ದಿನ ‘ಕಿಕ್’ ಎಂದು ದೂರಿದ್ದು ಇದನ್ನೇ. ಮೊದಲ ಸಲ ಬಹಳ ಜನಕ್ಕೆ ನಂಬಿಕೆ ಬರುವುದಿಲ್ಲ. ಅದಕ್ಕೆ ಪಕ್ಕದಿಂದ ಫೋನಿನ ಸ್ಲೋ ಮೋಷನ್ನಿನಲ್ಲಿ, ಸೆಕೆಂಡಿಗೆ 240 ಫ್ರೇಮಿನಂತೆ ಹಿಡಿಯಿರಿ. ಹಿಡಿಯುವವರು ಫೈರಿಂಗ್ ಲೈನಿನ ಹಿಂದೆಯೇ ಇರಬೇಕು. ಒಂದು ಫ್ರೇಮ್ ಎಂದರೆ ನಾಲ್ಕು ಮಿಲಿಸೆಕೆಂಡ್, ಗುಂಡು ನಳಿಗೆಯಲ್ಲಿರುವುದು ಅದಕ್ಕಿಂತ ಕಡಿಮೆ ಹೊತ್ತು. ಕಿಡಿ ಅಥವಾ ಹೊಗೆ ಕಾಣುವ ಹಿಂದಿನ ಫ್ರೇಮುಗಳಲ್ಲಿ ಮೂತಿ ತಗ್ಗುತ್ತಿದ್ದರೆ ಅದು ನಿಮ್ಮ ಕೈ, ಪಿಸ್ತೂಲಿನದ್ದಲ್ಲ.

ತಪ್ಪು ಕಂಡ ಕೂಡಲೇ ಇನ್ನೂ ಗಟ್ಟಿಯಾಗಿ ಹಿಡಿದರೆ ಅದು ಹೆಚ್ಚುತ್ತದೆ. ಖಾಲಿ ಪಿಸ್ತೂಲಿನಲ್ಲಿ ಹತ್ತು ಸಲ ಟ್ರಿಗರ್ ಒತ್ತಿ, ಸೈಟು ಅಲುಗದಂತೆ. ಆಮೇಲೆ ಒಂದು ಅಸಲಿ. ಮತ್ತೆ ಹತ್ತು ಖಾಲಿ. ಟೂ-ಟೂ ಪಿಸ್ತೂಲನ್ನು ಬರೀ ಚೇಂಬರಿನ (ತೋಟಾ ಕೂರುವ ಗೂಡಿನ) ಮೇಲೆ ಒತ್ತಬಾರದು. ತೋಟಾಕ್ಕೆ ಬಡಿಯಬೇಕಾದ ಪಿನ್ ಚೇಂಬರಿನ ಅಂಚಿಗೇ ಬಡಿದು ಅದನ್ನು ಜಜ್ಜುತ್ತದೆ. ಪ್ಲಾಸ್ಟಿಕ್ ಡಮ್ಮಿ ಇಟ್ಟುಕೊಳ್ಳಿ, ಇಲ್ಲವೇ ಪಿಸ್ತೂಲಿನಲ್ಲಿರುವ ಡ್ರೈ-ಫೈರ್ (ಖಾಲಿ ಒತ್ತುವ) ವ್ಯವಸ್ಥೆಯನ್ನೇ ಬಳಸಿ. ಶಾರ್ಟ್‌ಕಟ್ ಎಂದು ಕೆಲವರು ಸೈಟನ್ನು ತಿರುಗಿಸಿ ತೂತುಗಳ ಗುಂಪನ್ನು ನಡುವಿಗೆ ತಂದುಕೊಳ್ಳುತ್ತಾರೆ. ಹೆದರಿಕೆ ದಿನಕ್ಕೊಂದು ಅಳತೆಯಲ್ಲಿರುತ್ತದೆ, ಸೈಟು ಅದನ್ನು ಹಿಂಬಾಲಿಸಲಾರದು.

ಹೋಲಿಸಿ ನೋಡುವುದು

ಏರ್ ಪಿಸ್ತೂಲ್, ಆಮೇಲೆ .22, ಆಮೇಲೆ .32. ಈ ಕ್ರಮವನ್ನು ಎಂದೂ ತಿರುವಬೇಡಿ. ಹೊಸಬರ ಕೈಗೆ ಮೊದಲೇ ದೊಡ್ಡದನ್ನು ಕೊಟ್ಟು ವಿಡಿಯೊ ಮಾಡಿ ನಗುವವರಿದ್ದಾರೆ. ಆ ಒಂದು ಈಡಿನಲ್ಲಿ ಹತ್ತಿದ ಬೆದರಿಕೆ ಬಿಡಿಸಲು ತಿಂಗಳುಗಳು ಹಿಡಿಯುತ್ತವೆ. ಪ್ರತಿ ಪಿಸ್ತೂಲಿನಲ್ಲೂ ಹತ್ತು ಈಡು ಸಾಕು, ದಣಿದ ಮಣಿಕಟ್ಟಿಗೆ ಎಲ್ಲವೂ ಜೋರಾಗಿಯೇ ಒದೆಯುತ್ತವೆ.

ಎಷ್ಟು ನೋಯಿತು ಎಂದು ಬರೆದುಕೊಳ್ಳಬೇಡಿ. ಈಡಾದ ಮೇಲೆ ಸೈಟು ತಾನಾಗಿ ಗುರಿಗೆ ಮರಳಲು ಎಷ್ಟು ಹೊತ್ತಾಯಿತು, ಮರಳಿದ್ದು ಅದೇ ಜಾಗಕ್ಕೋ ಪಕ್ಕಕ್ಕೋ ಎಂದು ಬರೆಯಿರಿ. ಸ್ಪರ್ಧೆಯಲ್ಲಿ ಕೆಲಸಕ್ಕೆ ಬರುವುದು ಇದೇ. 25 ಮೀಟರ್ ರ‍್ಯಾಪಿಡ್ ಫೈರಿನಲ್ಲಿ ನಾಲ್ಕು ಸೆಕೆಂಡಿನೊಳಗೆ ಐದು ಗುರಿಗಳಿಗೆ ಐದು ಈಡು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. 2004ರವರೆಗೆ ಈ ಸ್ಪರ್ಧೆಗೆ ಇನ್ನೂ ಮೆತ್ತಗಿನ .22 ಶಾರ್ಟ್ ತೋಟಾ ಬಳಸುತ್ತಿದ್ದರು. 2005ರಿಂದ ಲಾಂಗ್ ರೈಫಲ್ ಬಂದಾಗ ಆಟಗಾರರು ಹೊಸ ಪಿಸ್ತೂಲು, ಹೊಸ ಹಿಡಿತ ಕಲಿಯಬೇಕಾಯಿತು. ಅಷ್ಟು ಸಣ್ಣ ವ್ಯತ್ಯಾಸವೂ ಆ ಮಟ್ಟದಲ್ಲಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ 50 ಮೀಟರ್ ಪಿಸ್ತೂಲ್ ಕೂಡ ಟೂ-ಟೂವೇ. ಆದ್ದರಿಂದ ‘ಬರೀ ಟೂ-ಟೂ’ ಎಂದು ಅದನ್ನು ದಾಟಿ ಓಡುವ ಅವಸರ ಬೇಡ.

ಕೊನೆಯದಾಗಿ ಒಂದು ಎಚ್ಚರಿಕೆ. ಹೊಡೆಯುತ್ತಿರುವಾಗ ಒಂದು ಈಡಿನ ಒದೆತ ಇದ್ದಕ್ಕಿದ್ದಂತೆ ಕಡಿಮೆ ಅನಿಸಿ, ಸದ್ದೂ ‘ಪುಸ್’ ಎಂದರೆ ಅಲ್ಲೇ ನಿಲ್ಲಿಸಿ. ಮದ್ದು ಸಾಲದೆ ಗುಂಡು ನಳಿಗೆಯೊಳಗೇ ಉಳಿದಿರಬಹುದು, ಅದರ ಹಿಂದೆ ಇನ್ನೊಂದನ್ನು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಬೆರಳನ್ನು ಟ್ರಿಗರಿನಿಂದ ತೆಗೆದು, ಮೂತಿಯನ್ನು ಗುರಿಯ ಕಡೆಗೇ ಇಟ್ಟು, ಇನ್ನೊಂದು ಕೈ ಎತ್ತಿ ರೇಂಜ್ ಆಫೀಸರನ್ನು ಕರೆಯಿರಿ. ಅವರು ಪಿಸ್ತೂಲು ಬಿಚ್ಚಿ, ನಳಿಗೆಯಲ್ಲಿ ಕಡ್ಡಿ ತೂರಿಸಿ ಆ ಕಡೆಯಿಂದ ಹೊರಬರುವುದನ್ನು ತೋರಿಸುವವರೆಗೆ ಮುಂದಿನ ಈಡು ಇಲ್ಲ.