ಮನೆ ಮಾರುವ ಮುಂಚೆ ಸಹಿಗಳನ್ನು ಎಣಿಸಿ

ಬಳ್ಳಾರಿಯ ಕೌಲ್ ಬಜಾರ್ ಕಡೆಯ ನಮ್ಮ ಹಳೇ ಮನೆ ಮಾರುವಾಗ ಸಂಚಕಾರ (ಮುಂಗಡ) ಮೊದಲು ತೆಗೆದುಕೊಂಡೆವು, ಕಾಗದ ಆಮೇಲೆ ಹುಡುಕಿದೆವು. ಕ್ರಯಪತ್ರದಲ್ಲಿ ಅಜ್ಜನ ಹೆಸರು ‘ಈರಣ್ಣ’, ಕಂದಾಯದ ರಸೀದಿಯಲ್ಲಿ ‘ವೀರಣ್ಣ’. ಕೊಳ್ಳುವವರ ವಕೀಲರು ಅಲ್ಲಿಗೇ ಫೈಲು ಮುಚ್ಚಿದರು. ಅಫಿಡವಿಟ್ ಕೊಟ್ಟು ಖಾತೆ ತಿದ್ದಿಸುವಷ್ಟರಲ್ಲಿ ನಾಲ್ಕು ತಿಂಗಳು ಹೋಯಿತು. ನೀವು ಬ್ರೋಕರ್‌ಗೆ ಹೇಳುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ಯಾರ‍್ಯಾರ ಸಹಿ ಬೇಕು?

ಖಾತೆ ನನ್ನ ಹೆಸರಿಗಿದೆ, ಮನೆ ನನ್ನದೇ ಅನ್ನುವವರು ನಮ್ಮಲ್ಲಿ ಜಾಸ್ತಿ. ಖಾತೆ ಅಂದರೆ ಕಂದಾಯ ಕಟ್ಟುವವರ ಲೆಕ್ಕ, ಅಷ್ಟೇ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆ, ಉಯಿಲು ಬರೆಯದೆ ಹೋಗಿದ್ದಾರೆ ಅನ್ನಿ. ಹಿಂದೂ ಕುಟುಂಬವಾದರೆ ಅವ್ವ, ಬದುಕಿದ್ದರೆ ಅಪ್ಪನ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ ಪಾಲು. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಹಕ್ಕು. ತಿದ್ದುಪಡಿ ಬಂದಾಗ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ತಂಗಿಗೆ ಮದುವೆಯಲ್ಲಿ ಬಂಗಾರ ಹಾಕಿದ್ದೇವಲ್ಲ’ ಅನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ಪಾಲಿನ ಲೆಕ್ಕ ಬೇರೆ, ಆದರೆ ಪಾಲುದಾರರೆಲ್ಲರ ಸಹಿ ಅಲ್ಲೂ ಬೇಕು.

ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ. ಅದರಲ್ಲಿರುವ ಪ್ರತಿ ಹೆಸರಿನ ಮುಂದೆ ಫೋನ್ ನಂಬರ್ ಬರೆದುಕೊಂಡು ಒಬ್ಬೊಬ್ಬರನ್ನೇ ಮಾತಾಡಿಸಿ. ಅಕ್ಕನನ್ನು ಗುಂತಕಲ್ಲಿಗೆ ಕೊಟ್ಟಿದ್ದೀರಾ? ಆಕೆ ಬಂದು ಸಹಿ ಮಾಡಬೇಕು, ಇಲ್ಲವೇ ಅಲ್ಲಿನ ಸಬ್ ರಿಜಿಸ್ಟ್ರಾರ್ ಮುಂದೆ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಮಾಡಿಕೊಡಬೇಕು. ಪಾಲು ಬೇಡ ಅನ್ನುವವರು ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿಯೇ ಕೊಡಲಿ. ಸುಮ್ನೆ ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟರೆ ಸಾಲದು. ಹದಿನೆಂಟು ತುಂಬದ ಮಕ್ಕಳ ಪಾಲಿದ್ದರೆ ಕೋರ್ಟಿನ ಅನುಮತಿ ಬೇಕಾಗಬಹುದು, ಮೊದಲೇ ವಕೀಲರನ್ನು ಕೇಳಿ.

ಕಾಗದ ಜೋಡಿಸಿ

ಮೂಲ ಪತ್ರದಿಂದ ಇವತ್ತಿನವರೆಗಿನ ಪತ್ರಗಳನ್ನು ಒಂದರ ಹಿಂದೆ ಒಂದು ಇಡಿ. ನಡುವೆ ಒಂದು ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಹಳೇ ಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ರಾಯಚೂರು, ಕೊಪ್ಪಳದ ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿರುತ್ತದೆ. ಅನುವಾದ ಮಾಡಿಸಿಟ್ಟುಕೊಳ್ಳಿ.

ಆಮೇಲೆ ಪತ್ರ ಕೈಯಲ್ಲಿ ಹಿಡಿದು, ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ ವಿವರ, ಓದುತ್ತಾ ಮನೆಯ ಸುತ್ತ ಒಂದು ಸುತ್ತು ಬನ್ನಿ. ನಮ್ಮ ಪತ್ರದಲ್ಲಿ ಪೂರ್ವಕ್ಕೆ ‘ಹುಣಸೆಮರವಿರುವ ಖುಲ್ಲಾ ಜಾಗ’ ಎಂದಿತ್ತು. ಹೊರಗೆ ಹೋಗಿ ನೋಡಿದರೆ ಎರಡಂತಸ್ತಿನ ಮನೆ! ಟೇಪ್ ಹಿಡಿದರೆ ಅಳತೆ ಒಂದೂವರೆ ಅಡಿ ಕಡಿಮೆ. ಹೀಗಾದರೆ ಇರುವ ಅಳತೆಯನ್ನೇ ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ.

ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿ ದಾಖಲಾದ ಖಾತೆ, ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಊರಾಚೆಯ ಪಂಚಾಯಿತಿ ಮನೆಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಬೇಕು. ಕಂದಾಯ, ನೀರಿನ ಬಾಕಿ ಕಟ್ಟಿಬಿಡಿ. ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲಿನಲ್ಲಿ ಸಿಗುತ್ತದೆ. ತೀರಿಸಿದ ಬ್ಯಾಂಕ್ ಸಾಲ ಅದರಲ್ಲಿ ಹಾಗೇ ಕೂತಿದ್ದರೆ ಅಡಮಾನ ಬಿಡುಗಡೆ ಪತ್ರ ಮಾಡಿಸಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರ ವಾಪಸ್ ಕೊಡಬೇಕು, ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು ರಿಸರ್ವ್ ಬ್ಯಾಂಕಿನ ನಿಯಮ.

ಕರಾರು, ದುಡ್ಡು

ಈಗ ಸಂಚಕಾರ ತೆಗೆದುಕೊಳ್ಳಬಹುದು. ಕರಾರು ಪತ್ರದಲ್ಲಿ ಕೊನೆಯ ದಿನ ಯಾವುದು, ಅವರು ಹಿಂದೆ ಸರಿದರೆ ಸಂಚಕಾರ ಏನಾಗುತ್ತದೆ, ನೀವು ಸರಿದರೆ ಏನು ಎಂದು ಬಿಡಿಸಿ ಬರೆಸಿ. ನಗದು ಬೇಡವೇ ಬೇಡ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ದಂಡ ಬೀಳಬಹುದು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಆದಾಯ ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ, ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ.

ನೋಂದಣಿ ದಿನ ಮೂಲ ಪತ್ರಗಳ ಕಟ್ಟು ನಿಮ್ಮ ಕೈಯಲ್ಲೇ ಇರಲಿ. ಬಾಕಿ ಹಣ ಬ್ಯಾಂಕ್ ಖಾತೆಗೆ ಬಿದ್ದ ಮೆಸೇಜ್ ನೋಡಿ, ಆಮೇಲೆ ಹೆಬ್ಬೆಟ್ಟು ಒತ್ತಿ. ಕೊಟ್ಟ ಪತ್ರಗಳ ಪಟ್ಟಿಗೆ ಕೊಂಡವರ ಸಹಿ ಹಾಕಿಸಿಕೊಳ್ಳಿ, ಕೀಲಿಕೈ ಎಷ್ಟು ಅನ್ನುವುದೂ ಅದರಲ್ಲಿರಲಿ.