ನಗು ಇಳಿಯೋವರೆಗೂ ಕೋಟಿನ ಗುಂಡಿ

ಟಿ.ಪಿ. ಕೈಲಾಸಂ ಅವರ 'ಬಂಡ್ವಾಳ್ವಿಲ್ಲದ ಬಡಾಯಿ' ನಾಟಕವನ್ನು ನಮ್ಮ ಹವ್ಯಾಸಿ ತಂಡ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಆಡಿತು. ನಿರ್ದೇಶನ ನನ್ನದು. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ. ಲೇಖಕರು ಹೋಗಿ 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಹಾಗಾಗಿ ರಾಯಲ್ಟಿಯ ತಲೆನೋವು ಇರಲಿಲ್ಲ. ಉಳಿದ ದುಡ್ಡು ಲೈಟಿಂಗಿಗೆ ಹೋಯಿತು.

ನಟರೆಲ್ಲ ಕೆಲಸಕ್ಕೆ ಹೋಗುವವರು. ವೈಟ್‌ಫೀಲ್ಡಿನವರು ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ರಾತ್ರಿ ಎಂಟು. ಅದಕ್ಕೇ ಬಸವನಗುಡಿ ಕಡೆಯವರ ದೃಶ್ಯಗಳನ್ನೇ ಮೊದಲು ಹಿಡಿಯುತ್ತಿದ್ದೆ.

ಕೈಲಾಸಂ ಮಾತಿನಲ್ಲಿ ಇಂಗ್ಲಿಷ್ ಜಾಸ್ತಿ. ಐಟಿ ಹುಡುಗರ ಬಾಯಲ್ಲಿ ಅದು ಅಮೆರಿಕದ ಕ್ಲೈಂಟ್ ಜೊತೆ ಮಾತಾಡಿದ ಹಾಗೆ ಬರುತ್ತಿತ್ತು! ನಮ್ಮ ತಂಡದ ಹಿರಿಯರೊಬ್ಬರು ತಮ್ಮ ಸೋದರಮಾವನ ಹಳೇ ಕಾಲದ ಧಾಟಿಯಲ್ಲಿ ಎಲ್ಲ ಮಾತನ್ನೂ ಓದಿ ರೆಕಾರ್ಡ್ ಮಾಡಿ ಕಳಿಸಿದರು. ಹುಡುಗರು ಬಸ್ಸಲ್ಲಿ ಕೂತು ಅದನ್ನೇ ಕೇಳಿದರು.

ನಿಜವಾದ ಕಷ್ಟ ಬೇರೆ. ಮೊದಮೊದಲು ತಾಲೀಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಅದೇ ಮಾತು ಸಪ್ಪೆ ಅನಿಸುತ್ತದೆ. ನಟರಿಗೆ ದಿಗಿಲು ಹತ್ತಿ, ಮೂತಿ ಸೊಟ್ಟ ಮಾಡೋದು, ಹೊಸ ಜೋಕು ಸೇರಿಸೋದು ಶುರುವಾಗುತ್ತದೆ. ಅದಕ್ಕೆ ನಾನು ಬಿಡಲಿಲ್ಲ. ಬದಲಿಗೆ ಆಗಾಗ ಹೊಸಬರನ್ನು ಕರೆತಂದು ಕೂರಿಸಿದೆ. ಪಕ್ಕದ ಮನೆ ಅಜ್ಜಿ, ಯಾರದೋ ಭಾವಮೈದ, ಹೀಗೆ. ಅವರು ನಕ್ಕ ಕಡೆಯೆಲ್ಲ ಸ್ಕ್ರಿಪ್ಟಿನ ಅಂಚಿಗೆ ಪೆನ್ಸಿಲ್ ಗುರುತು ಬೀಳುತ್ತಿತ್ತು.

ಗುರುತಿರುವ ಕಡೆ ನಟ ಮುಂದಿನ ಮಾತಿಗೆ ಮುಂಚೆ ಸ್ವಲ್ಪ ತಡೆಯಬೇಕು. ನಗು ಏರುವಾಗ ಬಾಯಿ ತೆರೆದರೆ ಮಾತು ಮುಳುಗುತ್ತದೆ. ಪೂರ್ತಿ ನಿಂತ ಮೇಲೆ ಆಡಿದರೆ ಓಟ ಹೋಗುತ್ತದೆ. ಇಳಿಯುತ್ತಿರುವಾಗಲೇ ಹಿಡಿಯಬೇಕು. ಸುಮ್ನೆ ನಿಂತರೂ ಆಗಲ್ಲ, ಕಾಯ್ತಿರೋದು ಹಿಂದಿನ ಸಾಲಿಗೂ ಗೊತ್ತಾಗುತ್ತದೆ ಅಲ್ವಾ? ಬಡಾಯಿ ವಕೀಲನ ಪಾತ್ರದವನಿಗೆ ಕೋಟಿನ ಗುಂಡಿ ಹಾಕಿಕೊಳ್ಳುವ ಕೆಲಸ ಕೊಟ್ಟೆ. ಸಣ್ಣ ನಗುವಿಗೆ ಒಂದು ಗುಂಡಿ, ದೊಡ್ಡದಕ್ಕೆ ಎರಡು. ಕಣ್ಣು ಮಾತ್ರ ಎದುರಿನ ಪಾತ್ರದ ಮೇಲೇ ಇರಬೇಕು, ಪ್ರೇಕ್ಷಕರ ಕಡೆ ಹೋಗಕೂಡದು.

ಪ್ರದರ್ಶನದ ದಿನ ಗುಂಡಿಗಳೆಲ್ಲ ಮುಗಿದವು, ನಗು ಮುಗಿಯಲಿಲ್ಲ. ಅವನು ತಣ್ಣಗೆ ಮೇಲಿನಿಂದ ಬಿಚ್ಚತೊಡಗಿದ. ಅದಕ್ಕೆ ಇನ್ನೂ ದೊಡ್ಡ ನಗು. ಹೆಂಡತಿ ಪಾತ್ರದವಳು ಬಾಯಿಗೆ ಸೆರಗು ಅಡ್ಡ ಹಿಡಿದು ಬೆನ್ನು ತಿರುಗಿಸಿದಳು.

ಮುಂದಿನ ಷೋಗೂ ಅದನ್ನು ಇಟ್ಟುಕೊಳ್ಳೋಣ ಅಂತ ಎಲ್ಲರೂ ಹಠ ಹಿಡಿದರು. ನಾನು ಬೇಡ ಅಂದೆ. ಬಿಚ್ಚೋದೇ ಗಮನದಲ್ಲಿದ್ದರೆ ಗುಂಡಿ ಹಾಕೋದಕ್ಕೆ ಅವಸರ ಮಾಡಿಬಿಡುತ್ತಾನೆ.