ಜ್ಞಾನೋದಯ ಅಂದ್ರೆ ಬುದ್ಧನದ್ದಾ ಸರ್?

ನಾನು ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡುವವನು. ಯುರೋಪಿನ ಜ್ಞಾನೋದಯ ಯುಗ, ಅಂದರೆ ಎಲ್ಲವನ್ನೂ ಬುದ್ಧಿಯಿಂದ ಪ್ರಶ್ನಿಸಿ ನೋಡಿದ 18ನೇ ಶತಮಾನದ ಪಾಠ, ಶುರು ಮಾಡಿದ ದಿನವೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: ‘ಬುದ್ಧನಿಗೆ ಆಯ್ತಲ್ಲ, ಅದೇನಾ ಸರ್?’ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹುಡುಗನದೇನು ತಪ್ಪು? ಬೋಧಿವೃಕ್ಷದ ಕೆಳಗೆ ಒಬ್ಬನಿಗೆ ಆದದ್ದಕ್ಕೂ, ಪ್ಯಾರಿಸ್ಸಿನಲ್ಲಿ ಹತ್ತಾರು ಜನ ಬರೆದು, ಜಗಳಾಡಿ, ಅಚ್ಚು ಹಾಕಿಸಿದ್ದಕ್ಕೂ ನಾವೇ ಒಂದೇ ಹೆಸರು ಇಟ್ಟಿದ್ದೇವೆ.

ಮೊದಮೊದಲು ಸುಮ್ನೆ ನೋಟ್ಸ್ ಬರೆಸುತ್ತಿದ್ದೆ. ವೋಲ್ಟೇರ್, ರೂಸೋ, ಮಾಂಟೆಸ್ಕ್ಯೂ ಎಂದು ಆ ಕಾಲದ ಚಿಂತಕರ ಹೆಸರು. ‘ಸ್ವಂತ ಬುದ್ಧಿ ಬಳಸುವ ಧೈರ್ಯ ಮಾಡು’ ಎಂದು 1784ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಬರೆದದ್ದನ್ನೂ ಬರೆಸಿದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿದರು!

ಆಮೇಲೆ ಫ್ರೆಂಚ್ ಲೇಖಕ ದಿದೆರೋನನ್ನು ಹಿಡಿದುಕೊಂಡೆ. ಚಾಕು ಮಾಡುವವನ ಮಗ. ಇಂಗ್ಲಿಷಿನ ಎರಡು ಸಂಪುಟದ ಕೋಶವೊಂದನ್ನು ಫ್ರೆಂಚಿಗೆ ತರುವುದು ಎಂದು ಶುರುವಾದ ಕೆಲಸ ಅವನ ಕೈಯಲ್ಲಿ 17 ಸಂಪುಟ ಬರಹ, 11 ಸಂಪುಟ ಚಿತ್ರಗಳ ವಿಶ್ವಕೋಶವಾಯಿತು. 1751ರಿಂದ 1772ರ ತನಕ ಎಳೆಯಿತು. ನಡುವೆ 1759ರಲ್ಲಿ ಪರವಾನಗಿಯೇ ರದ್ದು. ಅಷ್ಟು ಸಾಲದೆಂದು ಪ್ರಕಾಶಕ ಹೆದರಿ, ದಿದೆರೋನಿಗೆ ಗೊತ್ತಿಲ್ಲದ ಹಾಗೆ ಲೇಖನಗಳಿಗೆ ಕತ್ತರಿ ಹಾಕಿದ್ದ.

ನನಗೆ ಜಾಸ್ತಿ ಹಿಡಿಸಿದ್ದು ದಿದೆರೋ ಮತ್ತು ಅವನ ಜೊತೆಯವರು ಕಾರ್ಖಾನೆಗಳಿಗೆ ಹೋಗಿ ಕೇಳಿ ಬರೆದುಕೊಂಡದ್ದು. ಗುಂಡುಸೂಜಿ ಮಾಡುವುದಕ್ಕೂ ಅದರಲ್ಲಿ ಲೇಖನ ಇದೆ, 18 ಹಂತಗಳ ಲೆಕ್ಕ ಸಮೇತ. ಸಾವಿರ ಕೆಲಸಗಾರರಲ್ಲಿ ಒಂದು ಡಜನ್ ಜನರಿಗೂ ತಮ್ಮ ಕೆಲಸವನ್ನು ಸ್ಪಷ್ಟವಾಗಿ ಹೇಳಲು ಬರುವುದು ಕಷ್ಟ ಎಂದು ದಿದೆರೋ ಗೊಣಗಿದ್ದ. ಇದು ಸ್ವಲ್ಪ ದೊಡ್ಡಸ್ತಿಕೆಯ ಮಾತೇ, ಅಲ್ವಾ? ಪರೀಕ್ಷಿಸಿಯೇ ಬಿಡೋಣ ಎಂದು, ಮನೆಯ ಒಂದು ಕಸುಬಿನ ಬಗ್ಗೆ ಒಂದು ಪುಟ ಬರೆದು ತನ್ನಿ ಎಂದು ಮಕ್ಕಳಿಗೆ ಅಂದೆ.

ಒಬ್ಬಳ ಅಮ್ಮ ಬೀಡಿ ಕಟ್ಟುತ್ತಾರೆ. ‘ಎಲೆಗೆ ಹೊಗೆಸೊಪ್ಪು ಹಾಕಿ ಸುತ್ತಿ ನೂಲು ಕಟ್ಟಬೇಕು’ ಎಂದು ಬರೆದಿದ್ದಳು. ನಾನು ಕಾಗದದ ತುಂಡಿನಲ್ಲಿ ಅವಳು ಬರೆದ ಹಾಗೇ ಮಾಡಿದೆ. ಮೇಜಿನ ಮೇಲೆ ಬಿಚ್ಚಿಕೊಂಡು ಬಿತ್ತು. ಪುನಃ ಕಳಿಸಿದೆ. ‘ಹೇಳ್ಲಿಕ್ಕೆ ಬರುವುದಿಲ್ಲ ಮಗಾ, ಕೈ ನೋಡು’ ಅಂದರಂತೆ ಅಮ್ಮ. ಈ ಸಲ ಎರಡು ಪುಟ ಬಂತು: ಎಲೆ ನೆನೆಸುವುದು, ತಗಡಿನ ಅಳತೆ ಇಟ್ಟು ಕತ್ತರಿಸುವುದು, ತುದಿಯನ್ನು ಉಗುರಿನಿಂದ ಒಳಗೆ ಮಡಚುವುದು. ಅಮ್ಮನಿಗೆ ಬಾಯಲ್ಲಿ ಹೇಳಲು ಬರದಿದ್ದರೂ ಕೈಯಲ್ಲಿ ತೋರಿಸಲು ಬಂತು; ಎಡವಿದ್ದು ಮೊದಲ ಸಲ ನೋಡದೆ ಬರೆದ ಮಗಳು.

ವಿಶ್ವಕೋಶದ ಒಂದು ಕಿತಾಪತಿಯನ್ನೂ ಹೇಳಿಕೊಟ್ಟಿದ್ದೆ. ‘ನರಭಕ್ಷಕರು’ ಲೇಖನದ ಕೊನೆಯಲ್ಲಿ, ಚರ್ಚಿನಲ್ಲಿ ಕ್ರಿಸ್ತನ ದೇಹವೆಂದು ರೊಟ್ಟಿ ತಿನ್ನುವ ‘ಪರಮಪ್ರಸಾದ’ ಲೇಖನವನ್ನೂ ನೋಡಿ ಎಂದು ಹಾಕಿದ್ದರು. ಅಷ್ಟೇ. ಟೀಕೆ ಒಂದು ಸಾಲೂ ಇಲ್ಲ.

ಅವಳ ಎರಡನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು: ‘ನೋಡಿ: ಕೆಮ್ಮು’.